ಲಾಭ ಆದಮೇಲೆ ಒಂದೋ ಎರಡೋ

ಅಕ್ಕೋರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಅವರ ಅಂಗೈ. ಯಾವ ಹಳೆಯ ಫೋಟೋ ಕೈಗೆ ಬಂದರೂ ಅವರು ಮಾಡುತ್ತಿದ್ದ ಮೊದಲ ಕೆಲಸ, ನಡುವೆ ಕುರ್ಚಿಯಲ್ಲಿ ಕುಳಿತವರ ಮೇಲೆ ಅಂಗೈ ಇಡುವುದು. ಪೇಟ, ಕೋಟು, ಬೆಳ್ಳಿ ಹಿಡಿಯ ಕೋಲು, ಮಡಿಲಿನ ಮಗು ಎಲ್ಲವೂ ಆ ಅಂಗೈ ಕೆಳಗೆ ಮಾಯ. ಉಳಿಯುತ್ತಿದ್ದದ್ದು ಅಂಚು. ಎತ್ತಿನ ಹಗ್ಗ ಹಿಡಿದು ನಿಂತವನು, ಬಾಗಿಲ ಸಂದಿಯಿಂದ ಇಣುಕುವ ಹೆಂಗಸು, ಬುಟ್ಟಿ ಹಿಡಿದ ಕೈ ಮಾತ್ರ ಬಂದು ಮುಖ ಚೌಕಟ್ಟಿನ ಆಚೆ ಉಳಿದ ಇನ್ಯಾರೋ.

"ಈಗ ಹೇಳು, ಇವರ್ಯಾರು?" ಎಂದು ಕೇಳುತ್ತಿದ್ದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅವರಿಗೆ ಇಷ್ಟವಾಗುತ್ತಿರಲಿಲ್ಲ. ನಮ್ಮ ಕಡೆ ಪ್ರಾಥಮಿಕ ಶಾಲೆಯ ಶಿಕ್ಷಕಿಗೆ ಅಕ್ಕೋರು ಅನ್ನುತ್ತಾರೆ. ನಿವೃತ್ತರಾಗಿ ಎಷ್ಟೋ ವರ್ಷಗಳಾದ ಮೇಲೂ ಹೊಸಪೇಟೆಯ ಆ ಓಣಿಯಲ್ಲಿ ತರಕಾರಿ ಗಾಡಿಯವನಿಗೂ ಬ್ಯಾಂಕಿನ ಮ್ಯಾನೇಜರಿಗೂ ಅವರು ಅಕ್ಕೋರೇ. ಅವರ ಪಡಸಾಲೆಯ ಬಾಗಿಲ ಪಕ್ಕದಲ್ಲೇ ದರೋಜಿ ಶಾಲೆಯ ಒಂದು ಗ್ರೂಪ್ ಫೋಟೋ ಇತ್ತು. ಸಾಲು ಸಾಲು ಮಕ್ಕಳು, ನಡುವೆ ಕುರ್ಚಿಯ ಮೇಲೆ ತೆಳ್ಳಗಿನ ಒಬ್ಬ ಹೆಂಗಸು. ಆಕೆಯ ಮುಖ ಇರಬೇಕಾದಲ್ಲಿ, ಗಾಜಿನ ಮೇಲೆ, ಒಂದು ದೊಡ್ಡ ಸ್ಟಿಕ್ಕರ್ ಬೊಟ್ಟು.

"ಇದು ನೀವೇನ್ರಿ ಅಕ್ಕೋರ?" ಎಂದು ಮೊದಲ ದಿನ ಕೇಳಿದ್ದೆ.

"ಹೌದು. ಭಾಳ ಚಂದ ಇದ್ದೆ. ಜನ ನನ್ನ ನೋಡಿ ಹುಡುಗರ್ನ ನೋಡೂದು ಬಿಡ್ತಾರಂತ ಬೊಟ್ಟು ಹಚ್ಚೀನಿ."

ಪಡಸಾಲೆ ಮತ್ತು ಅದಕ್ಕೆ ಹೊಂದಿಕೊಂಡ ಒಂದು ಕೋಣೆ ಅವರ ಸಂಗ್ರಹ. ಬೋರ್ಡು ಇರಲಿಲ್ಲ. ಸಂಡೂರು ಕಡೆಯ ಒಣಭೂಮಿಯ ಕೂರಿಗೆ ಗೋಡೆಗೆ ಒರಗಿ ನಿಂತಿತ್ತು. ಬೀಜ ಬಿಡುವ ಅದರ ಬಟ್ಟಲಿನ ಅಂಚು ಬೆರಳು ತಾಗಿ ತಾಗಿ ಗಾಜಿನಂತೆ ನುಣುಪಾಗಿತ್ತು. ಕಂಪ್ಲಿಯ ಬೆಲ್ಲದ ಅಚ್ಚುಗಳು, ಎತ್ತಿನ ಕೊರಳ ಗೆಜ್ಜೆ, ತೂತು ಬಿದ್ದ ಮೊರ, ಕಾಲುವೆಯ ತೂಬಿಗೆ ಹಾಕುತ್ತಿದ್ದ ಮರದ ಬಿರಟೆ. ಗೋಡೆಯ ತುಂಬ ಫೋಟೋಗಳು. ಹೊಸ್ತಿಲು ದಾಟಿ ಬರುವವರು ಕಡಿಮೆ. ಬಂದವರೂ ಹಂಪಿ ನೋಡಿ, ಬಸ್ಸಿಗೆ ಹೊತ್ತಿದೆ ಎಂದು ಬಂದವರು.

"ಹಂಪ್ಯಾಗ ಆನಿ ಎಲ್ಲಿ ಕಟ್ತಿದ್ರು, ರಾಣಿ ಎಲ್ಲಿ ಜಳಕ ಮಾಡ್ತಿದ್ಲು ಎಲ್ಲಾ ಕೇಳ್ತಾರ," ಅನ್ನುತ್ತಿದ್ದರು ಅಕ್ಕೋರು. "ಅಷ್ಟು ಮಂದಿಗೆ ಅಕ್ಕಿ ಎಲ್ಲಿಂದ ಬರ್ತಿತ್ತು ಅಂತ ಒಬ್ರರ ಕೇಳ್ಯಾರೇನು?"

ನಾನು ಅಲ್ಲಿಗೆ ಹೋದದ್ದು ಎಂ.ಎ. ಮುಗಿಸಿ ಹೊಸಪೇಟೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಾಗ. ಕಂಪ್ಲಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಮಧ್ಯಾಹ್ನದ ಮೇಲೆ ಪಾಠವಿರುತ್ತಿರಲಿಲ್ಲ.

"ಏನು ಓದಿ?"

"ಇತಿಹಾಸರಿ. ಎಂ.ಎ."

"ಅಕ್ಷರ ಹೆಂಗ ಅದಾವ?"

"ಪರವಾಗಿಲ್ರಿ."

"ಹಂಗಾದ್ರ ಕೆಲಸ ಐತಿ ಬಾ. ಇತಿಹಾಸ ಆಮ್ಯಾಲ ನೋಡಿಕೆಂಡ್ರಾತು."

ಕೆಲಸ ಎಂದರೆ ಚೀಟಿ ಬರೆಯುವುದು. ಪ್ರತಿ ವಸ್ತುವಿನ ಕೆಳಗೂ ಒಂದು ಚೀಟಿ, ಪ್ರತಿ ಚೀಟಿಯಲ್ಲೂ ಮೂರು ಸಾಲು: ಇದು ಏನು, ಹೇಗೆ ಬಳಸುತ್ತಿದ್ದರು, ಯಾರ ಮನೆಯದು. ಅಲಂಕಾರದ ಮಾತು ಬರೆದರೆ ಹೊಡೆದು ಹಾಕುತ್ತಿದ್ದರು. ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ನಾನು ಅವರಿಗೆ ಎಂ.ಎ. "ಏನಂತಾಳ ನಮ್ಮ ಎಂ.ಎ.?" ಎಂದು ಬಂದವರೆದುರು ಕೇಳುವರು. ನಾನು ಸುಮ್ಮನಿದ್ದರೆ, "ಈಕಿ ಮಾತಾಡಬೇಕಂದ್ರ ಒಂದು ತಿಂಗಳ ಮೊದ್ಲ ಅರ್ಜಿ ಕೊಡಬೇಕ್ರಿ" ಅನ್ನುವರು.

ಫೋಟೋ ಹುಡುಕುತ್ತ ಹೋಗುವುದರಲ್ಲೂ ಅವರದೊಂದು ಕ್ರಮವಿತ್ತು. ಬಾಗಿಲಲ್ಲಿ ನಿಂತು ಹಳೆಯ ಫೋಟೋ ಇದೆಯೇ ಎಂದು ಕೇಳುತ್ತಿರಲಿಲ್ಲ. ನೀರು ಕೇಳುತ್ತಿದ್ದರು. ನೀರು ಬರುವಷ್ಟರಲ್ಲಿ ಕಣ್ಣು ಜಂತೆಯ ಕೆಳಗೆ ಓಡಿರುತ್ತಿತ್ತು, ಏಕೆಂದರೆ ನಮ್ಮ ಹಳ್ಳಿಗಳಲ್ಲಿ ಫೋಟೋಗಳನ್ನು ಅಲ್ಲಿ, ಮುಂದಕ್ಕೆ ವಾಲಿಸಿ, ಕತ್ತೆತ್ತಿ ನೋಡುವ ಹಾಗೆ ಹಾಕುತ್ತಾರೆ. ಚೋರನೂರಿನ ಒಂದು ಮನೆಯಲ್ಲಿ ಹಾಗೆ ಒಂದು ಫೋಟೋ ಕಂಡಿತು. ಇಳಿಸಹೋದರೆ ಹಿಂದೆ ಗುಬ್ಬಿಗೂಡು, ಅದರಲ್ಲಿ ಮರಿಗಳ ಚಿಲಿಪಿಲಿ. "ಇರ್ಲಿ ಬಿಡ್ರಿ, ಅವು ಹಾರಿದ ಮ್ಯಾಲ ಬರ್ತೀವಿ" ಎಂದು ಎದ್ದು ಬಂದರು. ಮತ್ತೆ ಸಂಡೂರು ಬಸ್ಸು, ಮತ್ತೆ ಕೆಂಪು ಧೂಳು, ಮತ್ತೆ ಅದೇ ಮನೆಯಲ್ಲಿ ನೀರು.

ಎರಡನೆಯ ಸಲ ಫೋಟೋ ಕೆಳಗಿಳಿಯಿತು. ಬಿತ್ತನೆಯ ದಿನದ್ದು. ನಡುವೆ ಹೊಲದ ಯಜಮಾನ, ಪಕ್ಕದಲ್ಲಿ ಕೂರಿಗೆಗೆ ಹೂಡಿದ ಜೋಡೆತ್ತು, ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡ ಒಬ್ಬ ಹೆಂಗಸು. ಅಕ್ಕೋರ ಅಂಗೈ ಯಜಮಾನನ ಮೇಲೆ ಹೋಯಿತು. ಈಗಿನ ಯಜಮಾನ, ಅವನ ಮೊಮ್ಮಗ, ಉತ್ಸಾಹದಿಂದ ತೋರಿಸಿದ.

"ಇವ ಬಸವ್ಯಾ, ಇವ ಮಾಣಿಕ್ಯಾರಿ. ಮಾಣಿಕ್ಯಾ ಭಾಳ ಸಿಟ್ಟಿನಾಂವ ಇದ್ದನಂತ, ಹೊಸಬರ್ನ ಹತ್ರ ಬಿಟ್ಟುಕೊಳ್ತಿದ್ದಿಲ್ಲಂತ."

"ಈಕಿ?"

"ಅದು ಯಾರೋ ಆಳ್ರೀ."

"ಎತ್ತಿನ ಸಿಟ್ಟೂ ಗೊತ್ತೈತಿ. ಬಿತ್ತಿದಾಕಿ ಹೆಸರು ಗೊತ್ತಿಲ್ಲ," ಎಂದರು ಅಕ್ಕೋರು, ಬೈಯುವ ದನಿಯಲ್ಲಲ್ಲ, ನೀರು ಗುಟುಕರಿಸುತ್ತ.

ಒಳಗಿನಿಂದ ಮುದುಕಿಯ ದನಿ ಬಂತು. "ಆಕಿ ಈರಮ್ಮ ಅಲ್ಲೇನಲೇ! ನಿನ್ನ ಎತ್ತಿ ಆಡಿಸಿದಾಕಿ! ಆಕಿ ಸೀರಿ ಎಷ್ಟು ಸಲ ತೊಯ್ಸಿ!"

ಆ ಮನುಷ್ಯನ ಮುಖ ನೋಡಲಾಗದೆ ನಾನು ಚೀಟಿಯ ಕಡೆ ತಿರುಗಿದೆ. ಅಕ್ಕೋರಿಗೆ ಮಾತ್ರ ದಿನವಿಡೀ ಖುಷಿ. ಬಸ್ಸಿನಲ್ಲಿ ಕಿಟಕಿಯ ಧೂಳನ್ನು ಸೆರಗಿನಿಂದ ಒರೆಸುತ್ತ, "ಈರಮ್ಮ ಸಿಕ್ಕಳು ನೋಡು" ಎಂದು ಎರಡು ಮೂರು ಸಲ ಹೇಳಿದರು.

ಇನ್ನೊಮ್ಮೆ ಶಾಲೆಯ ಮಕ್ಕಳ ಜೊತೆ ಹಂಪಿಗೆ ಹೋಗಿದ್ದೆವು. ಬಜಾರಿನ ಕಲ್ಲುಕಂಬಗಳ ನಡುವೆ ಗೈಡ್ ಎಂದಿನಂತೆ, ಇಲ್ಲಿ ಮುತ್ತು ರತ್ನಗಳನ್ನು ಸೇರಿನಲ್ಲಿ ಅಳೆದು ಮಾರುತ್ತಿದ್ದರು ಎಂದ. ಮಕ್ಕಳು ಹೋ ಎಂದರು. ಅಕ್ಕೋರು ಕೈ ಎತ್ತಿ, ಅವರೂ ಒಬ್ಬ ವಿದ್ಯಾರ್ಥಿಯ ಹಾಗೆ, ಕೇಳಿದರು: "ಅಳಿಯಾಂವ ಯಾರಿದ್ದನಪಾ?"

"ಅಯ್ಯ ಅಕ್ಕೋರ, ಅಳಿಯಾಂವನ ಹೆಸರು ಯಾ ಶಾಸನದಾಗ ಬರೀತಾರ್ರಿ?" ಎಂದು ಗೈಡ್ ನಕ್ಕ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಇನ್ನು ನಮ್ಮ ಮನೆಯ ವಿಷಯಕ್ಕೆ ಬರಬೇಕು. ಕಂಪ್ಲಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಗಿರಣಿಗೆ ಮುಂಚೆ ಕಾಲುವೆ ನೀರಿನ ಗದ್ದೆಗಳಿದ್ದವು. ಮುತ್ತಜ್ಜನ ಕಾಲದಲ್ಲಿ ಎಮ್ಮಿಗನೂರಿನ ತನಕ ಪಾಲಿಗೆ ಉಳುವವರಿದ್ದರು. ಧಾನ್ಯ ಅಳೆಯುವ ಆ ಕಾಲದ ಒಂದು ಕೊಳಗ ನಮ್ಮ ದೇವರ ಕೋಣೆಯಲ್ಲಿತ್ತು. ಕಂಠಕ್ಕೆ ಹಿತ್ತಾಳೆಯ ಪಟ್ಟಿ, ಪಟ್ಟಿಯ ಮೇಲೆ ಸರ್ಕಾರದ ಮುದ್ರೆ. ಹೊಸ ಅಕ್ಕಿ ಬಂದ ದಿನ ಅದಕ್ಕೆ ವಿಭೂತಿ ಹಚ್ಚುತ್ತಿದ್ದರು. ದಾಸೋಹಕ್ಕೆ ಅಕ್ಕಿ ಕೊಡುವುದಿದ್ದರೆ ತೂಕ ಮಾಡುತ್ತಿರಲಿಲ್ಲ, ಅದರಲ್ಲೇ ಅಳೆಯುತ್ತಿದ್ದರು. "ನಮ್ಮ ಮನಿ ಕೊಳಗ ಸುಳ್ಳು ಹೇಳಂಗಿಲ್ಲ" ಎಂಬ ಮಾತು ಕೇಳುತ್ತಲೇ ನಾನು ಬೆಳೆದೆ.

ಕೊಳಗದ ಜೊತೆಗೆ ನಮ್ಮ ಮನೆಯಲ್ಲಿ ಒಂದು ನಗೆಯ ಕಥೆಯೂ ಇತ್ತು. ಧಾನ್ಯ ಅಳೆಯುವಾಗ ಮೊದಲ ಅಳತೆಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. ಇದು ಎಲ್ಲರಿಗೂ ಗೊತ್ತಿರುವ ಶುಭದ ಪದ್ಧತಿ. ನಮ್ಮ ಅಪ್ಪ ಕಣದಲ್ಲಿ ತಮ್ಮ ತಾತನ ಪಕ್ಕ ಕುಳಿತು ಎಣಿಕೆ ಕಲಿತವರು. ಶಾಲೆಗೆ ಸೇರಿದ ಹೊಸದರಲ್ಲಿ ಮೇಷ್ಟ್ರು ಎಣಿಸು ಎಂದಾಗ, "ಲಾಭ, ಒಂದು, ಎರಡು" ಎಂದು ಶುರು ಮಾಡಿದರಂತೆ. ಮೇಷ್ಟ್ರು ಕಿವಿ ಹಿಂಡಿದರಂತೆ. ಮದುವೆಗಳಲ್ಲಿ, ಹಬ್ಬದ ಊಟದ ಮೇಲೆ, ಅಪ್ಪ ತಮ್ಮ ಕಿವಿ ಹಿಡಿದುಕೊಂಡು ಇದನ್ನು ಹೇಳುತ್ತಿದ್ದರು. ನಾವು ಪ್ರತಿ ಸಲವೂ ನಗುತ್ತಿದ್ದೆವು.

ಅಕ್ಕೋರ ಕೋಣೆಯ ಸುದ್ದಿ ಕೇಳಿ ಅಪ್ಪ ತಾವಾಗಿಯೇ ಕೊಳಗ ಕೊಡುತ್ತೇನೆಂದರು. ಜೊತೆಗೆ ಕಣದ ಒಂದು ಫೋಟೋ. ಬಿಳಿ ಅಂಗಿ ತೊಟ್ಟು, ಕೊಳಗವನ್ನು ರೇಷ್ಮೆ ಟವೆಲ್ಲಿನಲ್ಲಿ ಸುತ್ತಿ, ಕಾರಿನಲ್ಲಿ ತಂದರು. ಚೀಟಿಯ ಒಕ್ಕಣೆಯನ್ನೂ ಯೋಚಿಸಿಕೊಂಡು ಬಂದಿದ್ದರು: ನ್ಯಾಯದ ಕೊಳಗ.

"ಕುಂದ್ರಿ, ಕುಂದ್ರಿ. ಮೊದ್ಲು ಅಳಿಯೋಣು," ಎಂದರು ಅಕ್ಕೋರು. ಅಳತೆಯ ಸಾಮಾನು ಏನು ಬಂದರೂ ಅವರು ಅಳೆದೇ ನೋಡುತ್ತಿದ್ದರು. ಹಳೆಯ ಕೊಳಗಗಳಲ್ಲಿ ಕಡಿಮೆ ಹಿಡಿಯಲೆಂದು ಒಳಗೆ ಎತ್ತರಿಸಿ ಕೂರಿಸಿದ ಕಳ್ಳತಳ ಇರುವುದುಂಟು. ಮುದ್ರೆಯ ಸೇರಿನಿಂದ ಅಕ್ಕಿ ಸುರಿದು ಸುರಿದು ತುಂಬಿದೆವು. ಕೊನೆಯ ಸೇರು ಕಂಠಕ್ಕೆ ಸರಿಯಾಗಿ ನಿಂತಿತು.

"ನೋಡ್ರಿ! ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಲ್ಲ," ಎಂದರು ಅಪ್ಪ. ನನ್ನ ಕಡೆಯೂ ನೋಡಿದರು. ನನಗೆ ಹೆಮ್ಮೆಯಾಯಿತು.

ಅಷ್ಟರಲ್ಲಿ ಎಮ್ಮಿಗನೂರಿನ ಹುಲಿಗೆಮ್ಮ ಬಂದಳು. ಅವಳ ಮಕ್ಕಳು ಅಕ್ಕೋರ ಕೈಯಲ್ಲಿ ಕಲಿತವರು. ಹೊಸಪೇಟೆಗೆ ಬಂದಾಗಲೆಲ್ಲ ಒಂದು ಗಟ್ಟಿ ಬೆಲ್ಲ ಕಟ್ಟಿಕೊಂಡು ಬಂದು, ಕಟ್ಟೆಯ ಮೇಲೆ ಕಾಲು ಚಾಚಿ, ಸೊಸೆಯ ಮೇಲಿನ ದೂರನ್ನೆಲ್ಲ ಇಳಿಸಿ ಹೋಗುವ ಮುದುಕಿ. ಅಪ್ಪನನ್ನು ಕಂಡು ಸೆರಗು ಸರಿಮಾಡಿಕೊಂಡು ನೆಲದ ಮೇಲೆ ಕುಳಿತಳು. ಅಕ್ಕೋರು ಫೋಟೋ ಅವಳ ಮುಂದೆ ಹಿಡಿದು, ಎಂದಿನಂತೆ, ನಮ್ಮ ಮುತ್ತಜ್ಜನ ಮೇಲೆ ಅಂಗೈ ಇಟ್ಟರು. ಉಳಿದದ್ದು ಭತ್ತದ ರಾಶಿ, ಅದರ ಪಕ್ಕದಲ್ಲಿ ಬಗ್ಗಿ ಅಳೆಯುತ್ತಿರುವ ಒಬ್ಬ ಮನುಷ್ಯ. ಅಲುಗಿದ್ದರಿಂದ ಅವನ ಮುಖ ಮಸುಕಾಗಿತ್ತು.

"ಅಯ್ಯ ನಮ್ಮ ಮಾವ!" ಎಂದಳು ಹುಲಿಗೆಮ್ಮ.

"ಮುಖನ ಇಲ್ಲಲ್ಲವಾ, ಹೆಂಗ ಹೇಳ್ತಿ?"

"ಎಡಗೈ ನೋಡ್ರಿ ಅಕ್ಕೋರ. ನಮ್ಮ ಮಾವ ಎಡಚ. ಎಡಗೈಲೆ ಅಳಿಯಾಂವ ಆ ಕಡೆ ಒಬ್ನ ಇದ್ದ. ಫೋಟೋ ತೆಗಿಯಾಂವ ನಿಂದ್ರು ನಿಂದ್ರು ಅಂದ್ರೂ ನಿಂದ್ರಲಿಲ್ಲಂತ. ನಿಂತ್ರ ಲೆಕ್ಕ ತಪ್ಪತೈತಲ್ರಿ." ಅವಳ ಬೆರಳು ಆ ಮಸುಕಿನ ಮೇಲೆ ಓಡಾಡಿತು. "ಹಾಡಿದಂಗ ಎಣಿಸ್ತಿದ್ದ. ನಾನು ಸೊಸಿ ಆಗಿ ಬಂದಾಗ ಕಣದಾಗ ನಿಂತು ಕೇಳ್ತಿದ್ದೆ."

"ಹೆಂಗ ಎಣಿಸ್ತಿದ್ದ, ತೋರ್ಸು ನೋಡೋಣು."

ಹುಲಿಗೆಮ್ಮ ನಾಚಿಕೊಂಡು ಅಪ್ಪನ ಕಡೆ ನೋಡಿದಳು. ಅಪ್ಪ ನಗುತ್ತ, "ತೋರ್ಸವಾ, ತೋರ್ಸು" ಎಂದರು. ಅವಳು ಕೊಳಗದ ಅಕ್ಕಿಯನ್ನು ಮೊರಕ್ಕೆ ಸುರಿದು, ಕೊಳಗವನ್ನು ಅದರಲ್ಲಿ ಅದ್ದಿ, ಕಂಠ ಒರೆಸಿ, ಬಗ್ಗಿಸಿದಳು.

"ಲಾಭಾ... ಎರಡೇ ಎರಡು... ಮೂರೇ ಮೂರು..." ದನಿ ಮುದುಕಿಯದಾದರೂ ರಾಗ ಕಣದ್ದು. ನಾಲ್ಕಕ್ಕೆ ನಿಲ್ಲಿಸಿ, "ಇದು ಕೂಲಿ ಕೊಡೋದ್ರಿ," ಎಂದಳು. "ರಾಶಿ ಅಳಿಯೋದು ಬ್ಯಾರೆ ಐತಿ." ಮತ್ತೆ ಅದ್ದಿದಳು. "ಲಾಭಾ... ಒಂದೇ ಒಂದು... ಎರಡೇ ಎರಡು..."

ಅಕ್ಕೋರು ಕೈ ಎತ್ತಿದರು. "ತಡಿಯವಾ. ಲಾಭ ಆದಮ್ಯಾಲ ಒಂದೋ ಎರಡೋ?"

"ಯಾರ ಚೀಲ ಅಂತ ನೋಡಿ ಹೇಳ್ಬೇಕ್ರಿ," ಎಂದಳು ಹುಲಿಗೆಮ್ಮ, ಇದರಲ್ಲಿ ತಿಳಿಯದ್ದೇನಿದೆ ಎನ್ನುವ ಹಾಗೆ. "ಧಣೇರ ಚೀಲಕ್ಕ ಹೋಗೋದಾದ್ರ ಒಂದು. ನಮ್ಮ ಚೀಲಕ್ಕ ಬರೋದಾದ್ರ ಎರಡು."

ತೆಗೆದುಕೊಳ್ಳುವಾಗ ಮೊದಲ ಕೊಳಗ ಲೆಕ್ಕಕ್ಕಿಲ್ಲ. ಕೊಡುವಾಗ ಅದೇ ಮೊದಲ ಕೊಳಗ ಲೆಕ್ಕಕ್ಕಿದೆ. ನನಗೆ ಅರ್ಥವಾದದ್ದು ಅವಳ ಮಾತಿನಿಂದ ಮಾತ್ರವಲ್ಲ. ಲಾಭ, ಒಂದು, ಎರಡು. ಅದನ್ನು ನಾನು ಮೊದಲೇ ಕೇಳಿದ್ದೆ. ಅದಕ್ಕೆ ನಾನು ಹುಟ್ಟಿದಾಗಿನಿಂದ ನಗುತ್ತಿದ್ದೆ.

"ಅದು ದೇವರ ಪಾಲು," ಎಂದರು ಅಪ್ಪ ಕೊನೆಗೆ. "ಮೊದಲ್ನೇ ಕೊಳಗ ದೇವರಿಗಂತ ತೆಗಿತಿದ್ರು."

"ಇರಬೇಕ್ರಿ ಧಣೇರ," ಎಂದಳು ಹುಲಿಗೆಮ್ಮ ವಿನಯದಿಂದ. "ಕೂಲಿ ಕೊಡಾ ದಿನ ಮಾತ್ರ ಆ ದೇವ್ರು ರಜಾ ಹಾಕ್ತಿದ್ದ." ಹೇಳಿ, ತಾನೇ ಹೇಳಿದ್ದಕ್ಕೆ ಹೆದರಿ, ಬಾಯಿಗೆ ಸೆರಗು ಒತ್ತಿಕೊಂಡಳು.

"ನಿಮಗೆಲ್ಲಾ ಗೊತ್ತಿತ್ತೇನು?" ಎಂದು ಅಕ್ಕೋರು ಕೇಳಿದರು.

"ಗೊತ್ತಿಲ್ದಂಗ ಹೆಂಗ್ರಿ, ಊರ ಮುಂದ ಕೂಗಿ ಎಣಿಸ್ತಿದ್ರ? ಅಳಿಯಾಂವ ನಮ್ಮ ಮಾವಾನ. ಆದ್ರ ಒಂದು ಹೇಳ್ತೀನ್ರಿ ಅಕ್ಕೋರ, ಮನ್ಯಾಗ ಆತ ಒಂದಿನನೂ ಲಾಭ ಅಂದಾಂವಲ್ಲ. ರೊಟ್ಟಿ ಎಣಿಸಿದ್ರೂ ಒಂದರಿಂದ."

ಅಕ್ಕೋರು ಫೋಟೋವನ್ನು ಕಣ್ಣಿನ ಹತ್ತಿರ ತಂದು ಆ ಮಸುಕು ಮುಖವನ್ನು ನೋಡಿದರು. ಅಲುಗಿದ್ದೋ, ತಿರುಗಿಸಿಕೊಂಡದ್ದೋ ಎಂದು ನನಗನ್ನಿಸಿತು. ಅವರಿಗೂ ಅನ್ನಿಸಿರಬೇಕು. ಅಪ್ಪನ ಕಡೆ ತಿರುಗಿ, "ನಿಮ್ಮ ಮಾತು ಖರೇನ ಐತ್ರಿ," ಎಂದರು. "ಕೊಳಗ ಸುಳ್ಳು ಹೇಳಿಲ್ಲ."

"ಎಲ್ಲಾರ ಮನ್ಯಾಗೂ ಹಂಗ ಇತ್ತು ಅಕ್ಕೋರ. ಅದು ಪದ್ಧತಿ."

"ಹೌದ್ರಿ. ಪದ್ಧತಿ ಅಂತನ ಬರಿಯೋಣು. ಎಂ.ಎ. ಬರಿತಾಳ."

ಎರಡೂ ಕಡೆಯವರು ನನ್ನ ಮುಖ ನೋಡಿದರು. ನಾನು ಚೀಟಿ ತೆಗೆದುಕೊಂಡು ಬರೆದೆ. ಮೊದಲ ಸಾಲು: ಕೊಳಗ. ಎರಡನೆಯ ಸಾಲು: ತೆಗೆದುಕೊಳ್ಳುವಾಗ ಲಾಭ, ಒಂದು, ಎರಡು, ಕೊಡುವಾಗ ಲಾಭ, ಎರಡು, ಮೂರು. ಅಪ್ಪ ನಿಂತೇ ಓದಿದರು. ಉಳಿದ ಅಕ್ಕಿಯನ್ನು ಮೊರಕ್ಕೆ ಸುರಿದು, ಕೊಳಗವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡರು. ಫೋಟೋದ ಮೇಲೆ ಅಕ್ಕೋರ ಅಂಗೈ ಇತ್ತು. ಅದನ್ನು ತೆಗೆಯಿರಿ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಕಾರು ಹೋದ ಸದ್ದು ಕೇಳಿತು. ನಾನು ಅದರಲ್ಲಿರಲಿಲ್ಲ ಎಂಬುದು ಆಮೇಲೆ ಹೊಳೆಯಿತು.

ಅಕ್ಕೋರು ನನ್ನ ಚೀಟಿಯನ್ನು ಓದಿದರು. ಎರಡು ಸಾಲಿನ ಕೆಳಗೆ, ಯಾರ ಮನೆಯದು ಎಂದು ಬರೆಯದೆ ಖಾಲಿ ಬಿಟ್ಟ ಜಾಗದ ಮೇಲೆ, ಫೋಟೋದ ಮೇಲೆ ಇಡುವ ಹಾಗೆಯೇ, ಅಂಗೈ ಇಟ್ಟರು.

"ಇಲ್ಲಿ ಯಾರು ಕುಂತಾರ?"

ನಾನು ಪೆನ್ನಿನ ಮುಚ್ಚಳ ಹಾಕಿದೆ.

"ಅಂಚಿನವರು ಕಾಣ್ಲಿ ಅಂತ ನಾನು ನಡುವಿನವರ ಮ್ಯಾಲ ಕೈ ಇಡ್ತೀನಿ. ನಡುವಿನವರು ಕಾಣಬಾರ್ದಂತ ನೀ ಇಟ್ಟಿ. ಕೈ ಒಂದ, ನೋಡು."

ಮುಖ ಬಿಸಿಯಾಯಿತು. ಹುಲಿಗೆಮ್ಮ ಎದುರಿಗೇ ಇದ್ದಳು. ಅವಳು ನನ್ನನ್ನು ನೋಡದೆ ನೆಲದ ಮೇಲೆ ಚೆಲ್ಲಿದ ಅಕ್ಕಿಕಾಳುಗಳನ್ನು ಒಂದೊಂದಾಗಿ ಆರಿಸುತ್ತಿದ್ದಳು, ಆರಿಸಿ ಮೊರಕ್ಕೆ ಹಾಕುತ್ತಿದ್ದಳು. ಅದು ನನಗೆ ಇನ್ನೂ ಕಷ್ಟವಾಯಿತು.

ಅಕ್ಕೋರು ಒತ್ತಾಯ ಮಾಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದು ಬಂದರು, ಹಿಂದೆಂದೂ ಬಂದವರಲ್ಲ. ಕಂಪ್ಲಿ ಬಸ್ಸು ಹತ್ತುವಾಗ ಹೇಳಿದರು: "ನಾಚಿಕಿ ಬಂದೈತಲ್ಲ, ಬರ್ಲಿ. ಅದನ್ನ ಹೊಚ್ಚಿಕೊಂಡು ಮಲಗಬ್ಯಾಡ, ಅಷ್ಟ."

ಹೊಚ್ಚಿಕೊಂಡೇ ಮಲಗಿದೆ ಅನ್ನಬೇಕು. ಒಳ್ಳೆಯ ವಾದಗಳು ನನ್ನ ಬಳಿ ಇದ್ದವು. ಇತಿಹಾಸ ಓದಿದವರಿಗೆ ವಾದಗಳಿ­ಗೇನು ಕಡಿಮೆ. ಅಂದಿನ ಕಾಲ, ಅಂದಿನ ವ್ಯವಸ್ಥೆ. ಬೇರೆ ಮನೆಗಳಲ್ಲಿ ಕಳ್ಳತಳದ ಕೊಳಗಗಳೇ ಇದ್ದವಲ್ಲ. ಆದರೆ ನನ್ನನ್ನು ಬಿಡದೆ ಕಾಡಿದ್ದು ಅದರ ಸಣ್ಣತನ. ರಾಶಿಗೆ ಒಂದು ಕೊಳಗ. ಅಷ್ಟು ಗದ್ದೆಯಿದ್ದ ಮನೆಗೆ ಅದು ಏನೂ ಅಲ್ಲ. ಕೂಲಿಯ ಚೀಲ ಹಿಡಿದು ನಿಂತವರಿಗೆ ಅದು ಮನೆಮಂದಿಯ ಊಟ. ಅದನ್ನು ಕದ್ದೂ ತೆಗೆಯಲಿಲ್ಲ. ಒಂದು ಮಂಗಳದ ಮಾತನ್ನು ಗಟ್ಟಿಯಾಗಿ ಹೇಳಿ, ಅವರ ಮನೆಯವನ ಬಾಯಿಂದಲೇ ಹೇಳಿಸಿ, ತೆಗೆದರು. ದೊಡ್ಡ ಅನ್ಯಾಯವಾಗಿದ್ದರೆ ನಾನು ಅದರ ಬಗ್ಗೆ ಪ್ರಬಂಧ ಬರೆಯುತ್ತಿದ್ದೆನೇನೋ. ಇದರ ಬಗ್ಗೆ ಮೂರನೆಯ ಸಾಲು ಬರೆಯಲಾಗಲಿಲ್ಲ.

ಅಪ್ಪನೊಡನೆ ಈ ಮಾತು ಬಂದದ್ದು ಒಂದೇ ಸಲ. ಗಿರಣಿಯ ಆಫೀಸಿನಲ್ಲಿ, ಹೊಟ್ಟಿನ ಧೂಳಿನ ನಡುವೆ, ನಾನು ಊಟದ ಡಬ್ಬಿ ಇಟ್ಟು ಹೊರಡುವಾಗ. "ನಾ ಆಗ ಸಣ್ಣಾಂವವಾ," ಎಂದರು, ನನ್ನ ಕಡೆ ನೋಡದೆ. "ಎಣಿಕಿ ಅಂದ್ರ ಹಂಗ ಅಂತ ತಿಳಿದಿದ್ದೆ." ನಾನು ಹೂಂ ಎಂದೆ. ಆಮೇಲೆ ಯಾವ ಮದುವೆಯಲ್ಲೂ ಅವರು ಆ ಕಿವಿಯ ಕಥೆ ಹೇಳಲಿಲ್ಲ. ಯಾರಾದರೂ ನೆನಪಿಸಿದರೆ ಎದ್ದು ಹೋಗಿ ಕೈ ತೊಳೆಯುತ್ತಿದ್ದರು.

ಅಕ್ಕೋರ ಕೋಣೆಯಲ್ಲಿ ಕೊಳಗಕ್ಕೆಂದು ಒರೆಸಿಟ್ಟ ಹಲಗೆ ಹಾಗೆಯೇ ಖಾಲಿ ಉಳಿಯಿತು. ಅದರ ಮುಂದೆ ನನ್ನ ಚೀಟಿ, ಮೇಲೆ ಕಣದ ಫೋಟೋ. ಬಂದವರು ಕೊಳಗ ಎಲ್ಲಿ ಎಂದು ಕೇಳಿದರೆ, ನಾನು ಅಲ್ಲಿದ್ದರೆ, ಅಕ್ಕೋರು "ಮನಿಯವರು ಪೂಜಾಕ್ಕಂತ ಒಯ್ದಾರ್ರಿ" ಅನ್ನುತ್ತಿದ್ದರು. ಯಾರ ಮನೆಯವರು ಎಂದರೆ, "ಬರಿಯೋದೈತಿ ಇನ್ನೂ" ಅನ್ನುತ್ತಿದ್ದರು. ಯಾರ ಮುಖಕ್ಕೂ ಹಿಂಜರಿಯದವರು ನನ್ನ ಮುಖಕ್ಕೆ ಹಿಂಜರಿದರು. ಅವರು ಒಮ್ಮೆಯಾದರೂ ಬೈದಿದ್ದರೆ ಚೆನ್ನಾಗಿತ್ತು.

ಅವರ ಕಾಯಿಲೆ ಬಹಳ ದಿನದ್ದಲ್ಲ. ಆಸ್ಪತ್ರೆಯಲ್ಲಿ ನೋಡಲು ಹೋದಾಗ ನರ್ಸಮ್ಮನ ಹೆಸರು ಕೇಳಿ, ಊರು ಕೇಳಿ, "ನಿಮ್ಮ ಮನ್ಯಾಗ ಹಳೇ ಫೋಟೋ ಅದಾವೇನವಾ?" ಎಂದು ವಿಚಾರಿಸುತ್ತಿದ್ದರು. ನನ್ನನ್ನು ಕಂಡು, "ಬಾ ಎಂ.ಎ." ಎಂದರು. ಚೀಟಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸುದ್ದಿ ಬಂದ ಬೆಳಿಗ್ಗೆ ಹೊಸಪೇಟೆಗೆ ಹೋಗಿ, ಜನ ಸೇರುವ ಮುಂಚೆ, ಆ ಹಲಗೆಯ ಮುಂದೆ ನಿಂತು ಮೂರನೆಯ ಸಾಲು ಬರೆದೆ. ನಮ್ಮ ಮನೆತನದ ಹೆಸರು, ಊರು. ಅಕ್ಷರ ಚೆನ್ನಾಗಿ ಬಂತು. ಅದನ್ನು ಓದಬೇಕಾದವರು ಪಕ್ಕದ ಕೋಣೆಯಲ್ಲಿ ಚಾಪೆಯ ಮೇಲಿದ್ದರು. ಆ ಹೆಸರನ್ನು ಇಲ್ಲಿ ಬರೆದಿಲ್ಲ ಎಂಬುದನ್ನು ಓದುಗರು ಗಮನಿಸಿರಬಹುದು. ಅಕ್ಕೋರ ಹೆಸರು ಬರೆಯದೆ ಇರುವುದಕ್ಕೂ ನಮ್ಮ ಮನೆಯ ಹೆಸರು ಬರೆಯದೆ ಇರುವುದಕ್ಕೂ ಕಾರಣ ಒಂದೇ ಅಲ್ಲ.

ಅವರ ತಿಥಿಯ ದಿನ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಊಟ ಹಾಕಿಸಿದರು. ಅಕ್ಕಿ ನಮ್ಮದಿರಲಿ ಎಂದು ಅಪ್ಪ ತಾವಾಗಿ ಹೇಳಿ ಕಳಿಸಿದ್ದರು. ಮೂಟೆಗಳ ಜೊತೆ ಅವರೂ ಬಂದರು, ಕಂಕುಳಲ್ಲಿ ಟವೆಲ್ಲು ಸುತ್ತಿದ ಕೊಳಗ. ಹಿತ್ತಲಲ್ಲಿ ಒಲೆ ಉರಿಯುತ್ತಿತ್ತು. ಅಡುಗೆಯವರು ಖಾಲಿ ಚೀಲ ತಂದರು. ಚೀಲದ ಬಾಯಿ ಹಿಡಿಯಲು ಮುಂದೆ ಬಂದವಳು ಹುಲಿಗೆಮ್ಮ. ಇನ್ನೊಂದು ಅಂಚನ್ನು ನಾನು ಹಿಡಿದೆ.

ಅಪ್ಪ ಕೊಳಗ ಅದ್ದಿ, ಕಂಠ ಒರೆಸಿ, ಚೀಲಕ್ಕೆ ಬಗ್ಗಿಸಿದರು. "ಲಾಭ," ಎಂದರು. ಎಷ್ಟೋ ವರ್ಷಗಳ ಅಭ್ಯಾಸದ ದನಿ. ಅಕ್ಕಿ ಸರಿದು ಕೆಳಗಿಳಿಯಿತು. ಎರಡನೆಯ ಸಲ ಅದ್ದಿದರು. ಹುಲಿಗೆಮ್ಮ ಚೀಲದೊಳಗೆ ನೋಡುತ್ತಿದ್ದಳು. ಅವಳಿಗೆ ಮುಂದಿನ ಮಾತು ಗೊತ್ತಿತ್ತು. ನನಗೂ ಗೊತ್ತಿತ್ತು. ಕೊಳಗ ಬಗ್ಗಿತು. ಅಪ್ಪ ಬಾಯಿ ತೆರೆದರು.

"ಒಂದು," ಎಂದೆ ನಾನು.

ದನಿ ನಾನು ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಅಡುಗೆಯವರೂ ತಿರುಗಿ ನೋಡಿದರು. ಅಪ್ಪ ಖಾಲಿ ಕೊಳಗ ಹಿಡಿದು ಹಾಗೇ ನಿಂತರು. ಇನ್ನೊಂದು ಕೈ ತಾನೇ ತಾನಾಗಿ ಕಿವಿಯ ತನಕ ಹೋಗಿ, ಅಲ್ಲಿ ಏನೂ ಮಾಡದೆ ಕೆಳಗಿಳಿಯಿತು. ನನಗೆ ತಲೆ ಎತ್ತಲಾಗಲಿಲ್ಲ. ಚೀಲದ ಅಂಚಿನಲ್ಲಿ ಹುಲಿಗೆಮ್ಮನ ಬೆರಳು ನನ್ನ ಬೆರಳಿಗೆ ತಾಗುತ್ತಿದ್ದವು. ಅವು ಅಲುಗಲಿಲ್ಲ.

ಅಪ್ಪ ಮತ್ತೆ ಬಗ್ಗಿದರು. ಅದ್ದಿದರು, ಕಂಠ ಒರೆಸಿದರು, ಸುರಿದರು.

"ಎರಡು," ಎಂದರು.